ಒನಕೆಯ ಧಾಟಿಗೆ ಇಳಿದು ಬಂದ ಪಂಡಿತರು

ಮಾನ್ವಿಯ ಜಗನ್ನಾಥದಾಸರ ಹೆಸರು ಕೇಳಿದೊಡನೆ ವಾಚಕರಿಗೆ ನೆನಪಾಗುವುದು ‘ಹರಿಕಥಾಮೃತಸಾರ’. 32 ಸಂಧಿಗಳ, ಭಾಮಿನೀ ಷಟ್ಪದಿಯ ಆ ಮಹಾಕೃತಿಯ ಕೀರ್ತಿ ಎಷ್ಟು ದೊಡ್ಡದೆಂದರೆ, ಅದರ ನೆರಳಿನಲ್ಲಿ ದಾಸರ ಇನ್ನೊಂದು ರಚನೆ ಮರೆಯಾಗಿ ನಿಂತಿದೆ. ಅದು ‘ತತ್ತ್ವಸುವ್ವಾಲಿ’. ಶಾಸ್ತ್ರವಾಗಿ ಮೊದಲನೆಯದು ಹಿರಿದಿರಬಹುದು. ಹಾಡಾಗಿ ಎರಡನೆಯದೇ ಹಿರಿದೆಂದು ನನ್ನ ಮತ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡನ್ನು ನಾವು ಬಿಸಿಲಿನಿಂದಲೂ ಬರದಿಂದಲೂ ಗುರುತಿಸುವುದು ರೂಢಿ. ಆದರೆ ಪುರಂದರದಾಸರ ಕಾಲದ ಬಳಿಕ ಮಂದವಾಗಿದ್ದ ದಾಸರ ಹಾಡು ಮರಳಿ ಚಿಗುರಿದ್ದು ಇದೇ ನೆಲದಲ್ಲಿ. ಮಾನ್ವಿ ಸೀಮೆಯ ಚೀಕಲಪರ್ವಿಯವರು ವಿಜಯದಾಸರು, 1755ರಲ್ಲಿ ತೀರಿಕೊಂಡರು. ದೇವದುರ್ಗದ ಕಡೆಯ ಮೊಸರಕಲ್ಲಿನವರು ಅವರ ಶಿಷ್ಯ ಗೋಪಾಲದಾಸರು, 1762ರಲ್ಲಿ ತೀರಿಕೊಂಡರು. ಆ ಗೋಪಾಲದಾಸರ ಶಿಷ್ಯರೇ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿ, ಮಾನ್ವಿಯಲ್ಲಿ ನೆಲೆಸಿ, 1809ರವರೆಗೆ ಬಾಳಿದ ಜಗನ್ನಾಥದಾಸರು. ಎತ್ತಿನ ಬಂಡಿಯ ದಾರಿಯಷ್ಟು ದೂರದ ಊರುಗಳಲ್ಲಿ ಮೂವರು ವಾಗ್ಗೇಯಕಾರರು!

ಇವರ ಪೂರ್ವದ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದಲ್ಲಿ ನುರಿತ ಪಂಡಿತರು. ಕನ್ನಡ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರವಿತ್ತಂತೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರು, ನೆಪವೇ ನಿಜವಾಯಿತು. ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಇದನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಲು ಬಾರದು. ಆದರೆ ಪಂಡಿತನೊಬ್ಬನು ಗರ್ವ ಬಿಟ್ಟು ಕನ್ನಡಕ್ಕೆ ಬಂದನೆಂಬ ಅದರ ತಿರುಳಿಗೆ ಸುವ್ವಾಲಿಯೇ ಸಾಕ್ಷಿ.

ಸುವ್ವಿ ಎಂಬುದು ಹೆಂಗಸರು ಒನಕೆ ಹಿಡಿದು ಕುಟ್ಟುವಾಗ ಹಾಡುವ ಹಾಡು. ಒನಕೆ ಏರಿ ಇಳಿಯುವ ಲಯವೇ ಅದರ ತಾಳ. ದಾಸರು ಆರಿಸಿಕೊಂಡ ತ್ರಿಪದಿಯಾದರೋ ನಮ್ಮ ಅಚ್ಚ ದೇಶಿ ಛಂದಸ್ಸು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ. ಶ. 700ರಷ್ಟು ಹಿಂದೆಯೇ, ಕಾಣಿಸಿಕೊಂಡದ್ದು. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿದ್ದು. ಷಟ್ಪದಿಗೆ ಓದುವವನೊಬ್ಬ, ಅರ್ಥ ಹೇಳುವವನೊಬ್ಬ ಬೇಕು. ತ್ರಿಪದಿಗೆ ಕೈಯಲ್ಲಿ ಕೆಲಸವಿದ್ದರೆ ಸಾಕು.

ಹಾಗೆಂದು ಸುವ್ವಾಲಿಯಲ್ಲಿ ಎಲ್ಲವೂ ಸಮನಾಗಿಲ್ಲ. ಗಣಪತಿ, ವಾಯು, ರುದ್ರ ಮೊದಲಾದವರ ಸ್ತುತಿಯಲ್ಲಿ ಅಲ್ಲಲ್ಲಿ ಪಂಡಿತರೇ ಮುಂದೆ ಬಂದು ನಿಲ್ಲುತ್ತಾರೆ. ಸಮಾಸಗಳು ತ್ರಿಪದಿಯ ಕಿರಿದಾದ ಅಂಗಳದಲ್ಲಿ ಇಕ್ಕಟ್ಟಾಗಿ ನಿಂತು ಒನಕೆಯನ್ನು ತಡೆಯುತ್ತವೆ. ಮತಸಿದ್ಧಾಂತವನ್ನು ಬಲ್ಲವರಿಗಲ್ಲದೆ ಬಿಚ್ಚಿಕೊಳ್ಳದ ಪದ್ಯಗಳೂ ಉಂಟು. ಆದರೆ ಭಕ್ತ ತಾನೇ ಬಾಯಿ ತೆರೆದು ಬೇಡುವ ಕಡೆಗಳಲ್ಲಿ ಮಾತು ಹಗುರಾಗುತ್ತದೆ. ಮೂರು ಸಾಲು ಮುಗಿಯುವಷ್ಟರಲ್ಲಿ ಒಂದು ನಿಟ್ಟುಸಿರು ಪೂರ್ಣವಾಗುತ್ತದೆ.

2016ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಾಗ, ಹಾಡು ಕಟ್ಟುವವನು ಕವಿಯೇ ಎಂಬ ಚರ್ಚೆ ಜಗತ್ತಿನಲ್ಲೆಲ್ಲ ಎದ್ದಿತು. ಆತನೂ ಹಳೆಯ ಜನಪದ ಧಾಟಿಗಳಿಗೆ ತನ್ನ ಮಾತು ತೊಡಿಸಿ ಬೆಳೆದವನು. ನಮ್ಮಲ್ಲಿ ಆ ಪ್ರಶ್ನೆ ಹುಟ್ಟಬೇಕಾದ ಕಾರಣವೇ ಇರಲಿಲ್ಲ. ಚಾರ್ಲ್ಸ್ ಗೋವರ್ ಎಂಬ ಇಂಗ್ಲಿಷರವನು 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳ ಗ್ರಂಥವನ್ನು ಪ್ರಕಟಿಸಿದಾಗ ಅದರಲ್ಲಿ ದಾಸರ ಪದಗಳನ್ನೂ ಸೇರಿಸಿದ. ರಾಯಚೂರು ನಿಜಾಮರ ಆಳಿಕೆಯಲ್ಲಿದ್ದು, ಕಚೇರಿಯ ನುಡಿ ಉರ್ದುವಾಗಿದ್ದಾಗಲೂ, ಭಜನೆಯ ಮನೆಯಲ್ಲಿ, ಅಡುಗೆಯ ಮನೆಯಲ್ಲಿ ಕನ್ನಡವನ್ನು ಕಾದವುಗಳಲ್ಲಿ ಈ ಹಾಡುಗಳೂ ಸೇರಿದ್ದವು. 1956ರ ಏಕೀಕರಣಕ್ಕೆ ಮುನ್ನವೇ ಹಾಡು ನಮ್ಮನ್ನು ಕೂಡಿಸಿತ್ತು.

ಕೆಲವು ವರ್ಷಗಳ ಕೆಳಗೆ ತರಗತಿಯಲ್ಲಿ ನಾನು ಸುವ್ವಾಲಿಯನ್ನು ಕುರಿತು ಪಾಠ ಹೇಳುತ್ತಿದ್ದೆ. ಛಂದಸ್ಸಿನ ಗಣವಿಭಾಗವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಇದನ್ನ ಹ್ಯಾಂಗ ಹಾಡ್ತಾರ್ರೀ ಸರ?” ಎಂದಳು. ನನಗೆ ಗೊತ್ತಿರಲಿಲ್ಲ. ಆ ವಾರ ಮಾನ್ವಿಗೆ ಹೋಗಿ ಪರಿಚಿತರ ಮನೆಯ ಹಿರಿಯ ತಾಯಿಯೊಬ್ಬರನ್ನು ಕೇಳಿದೆ. ಅವರು ನಾಚಿಕೊಂಡು, ತೊಡೆ ತಟ್ಟುತ್ತ ಹಾಡಿದರು. ಎರಡನೆಯ ಸಾಲನ್ನು ಮರಳಿಸಿ ಮೂರನೆಯದಕ್ಕೆ ಜಾರುವ ಆ ತಿರುವಿನಲ್ಲಿ, ನಾನು ಗಣವೆಂದು ಎಣಿಸಿದ್ದೆಲ್ಲ ಉಸಿರಾಗಿ ಕೇಳಿಸಿತು. ನಾಲ್ಕನೆಯ ಪದ್ಯಕ್ಕೆ ಅವರು ನಿಂತರು. “ಮುಂದಿನದು ನಮ್ಮ ಅತ್ತೆಯವರಿಗೆ ಬರ್ತಿತ್ತಪ್ಪಾ” ಎಂದರು.

ಅಕ್ಷರ ಗ್ರಂಥದಲ್ಲಿ ಉಳಿದಿದೆ. ಹಿಟ್ಟಿನ ಗಿರಣಿ ಬಂದ ಮೇಲೆ ಧಾಟಿಗೆ ಮನೆ ಇಲ್ಲದಾಗಿದೆ. ಪ್ರತಿ ಭಾದ್ರಪದದಲ್ಲಿ ಮಾನ್ವಿಯಲ್ಲಿ ದಾಸರ ಆರಾಧನೆ ನಡೆಯುತ್ತದೆ. ಅಲ್ಲಿಗೆ ಬರುವ ಹಿರಿಯ ತಾಯಂದಿರ ಬಳಿ ಅರ್ಧ ಗಳಿಗೆ ಕುಳಿತು, ಅವರ ಹಾಡನ್ನು ನಮ್ಮ ಕೈಯಲ್ಲಿರುವ ಯಂತ್ರದಲ್ಲಿಯೇ ಹಿಡಿದಿಡುವುದು ಏನೂ ಕಷ್ಟವಲ್ಲ. ಅತ್ತೆಯವರೊಡನೆ ಹೋದದ್ದು ಹೋಯಿತು; ಸೊಸೆಯಂದಿರ ನಾಲಗೆಯಲ್ಲಿ ಇನ್ನೂ ನಾಲ್ಕು ಪದ್ಯಗಳಿವೆ.