ಐವತ್ತರ ಮೇಲೊಂದು ಮತ: ಕ್ರೀಡಾಡಳಿತದಲ್ಲಿ ಅಭಿಮಾನಿಯ ಪಾಲು

ಕ್ರೀಡೆಯ ಆಡಳಿತದಲ್ಲಿ ಅಭಿಮಾನಿಗೂ ದನಿಯಿರಬೇಕು ಎಂಬ ಮಾತನ್ನು ಈಗ ಯಾವ ಸಂಸ್ಥೆಯೂ ಬಾಯಿಬಿಟ್ಟು ತಳ್ಳಿಹಾಕುವುದಿಲ್ಲ. ಸಲಹಾ ಸಮಿತಿ ರಚಿಸುತ್ತಾರೆ, ಕರೆದು ಕಾಫಿ ಕೊಡುತ್ತಾರೆ, ಅಭಿಪ್ರಾಯ ಬರೆದುಕೊಂಡು ಕಳಿಸುತ್ತಾರೆ. ಕೇಳುವುದು ಬೇರೆ, ಕೇಳಲೇಬೇಕಾಗಿ ಬರುವುದು ಬೇರೆ. ಯಾವ ವಿಷಯದಲ್ಲಿ ಅಭಿಮಾನಿ ‘ಬೇಡ’ ಎಂದರೆ ಕೆಲಸ ನಿಲ್ಲುತ್ತದೆ? ಆ ‘ಬೇಡ’ವನ್ನು ಎಣಿಸುವವರು ಯಾರು? ಈ ಎರಡು ಪ್ರಶ್ನೆಗಳನ್ನಿಟ್ಟುಕೊಂಡು ಜರ್ಮನಿ ಮತ್ತು ಇಂಗ್ಲೆಂಡಿನ ಫುಟ್‌ಬಾಲನ್ನು ಇಲ್ಲಿ ಪರಿಶೀಲಿಸಲಾಗಿದೆ.

ಜರ್ಮನಿಯ ಕ್ಲಬ್ಬುಗಳು ಮೂಲತಃ ಸದಸ್ಯರ ಸಂಘಗಳು. ವೃತ್ತಿಪರ ತಂಡವನ್ನು ಕಂಪನಿಯಾಗಿಸಲು 1998ರಲ್ಲಿ ಅನುಮತಿ ಕೊಟ್ಟಾಗ ಒಂದು ಷರತ್ತು ಬಂತು: ಮತಗಳಲ್ಲಿ ಅರ್ಧ, ಅದರ ಮೇಲೆ ಇನ್ನೊಂದು ಮೂಲಸಂಘದ ಕೈಯಲ್ಲೇ ಇರಬೇಕು. ‘50+1’ ಎಂದು ಹೆಸರಾದದ್ದು ಇದೇ. ವುಲ್ಫ್ಸ್‌ಬರ್ಗ್, ಲೆವರ್‌ಕೂಸನ್‌ಗಳಂಥ ಕಾರ್ಖಾನೆ ತಂಡಗಳಿಗೆ ವಿನಾಯಿತಿಯಿದೆ. ಲೈಪ್ಜಿಗ್ ತಂಡ ವಿನಾಯಿತಿಯನ್ನೂ ಕೇಳಲಿಲ್ಲ. ಮತಾಧಿಕಾರವುಳ್ಳ ಸದಸ್ಯತ್ವವನ್ನು ಬೆರಳೆಣಿಕೆಯ ಮಂದಿಗೆ ಕೊಟ್ಟು ನಿಯಮವನ್ನು ಅಕ್ಷರಶಃ ಪಾಲಿಸಿತು!

ನಿಯಮದ ನಿಜವಾದ ಪರೀಕ್ಷೆ ನಡೆದದ್ದು 2023ರ ಡಿಸೆಂಬರ್ 11ರಂದು. ಪ್ರಸಾರದ ಹಕ್ಕಿನ ಆದಾಯದಲ್ಲಿ ಶೇಕಡ 8ರವರೆಗಿನ ಪಾಲನ್ನು 20 ವರ್ಷಕ್ಕೆ ಹೂಡಿಕೆದಾರರಿಗೆ ಕೊಡುವ ಪ್ರಸ್ತಾಪ ಲೀಗಿನ 36 ಕ್ಲಬ್ಬುಗಳ ಮುಂದಿತ್ತು. ಮೂರನೆಯ ಎರಡು ಭಾಗದ ಬಹುಮತಕ್ಕೆ 24 ಮತ ಬೇಕು. ಸರಿಯಾಗಿ 24 ಬಂದವು. ಹತ್ತು ವಿರೋಧ, ಇಬ್ಬರು ತಟಸ್ಥರು. ಹ್ಯಾನೋವರ್ 96ರ ಮೂಲಸಂಘ ತನ್ನ ಕಂಪನಿಯ ವ್ಯವಸ್ಥಾಪಕ ಮಾರ್ಟಿನ್ ಕಿಂಡ್ ಅವರಿಗೆ ಪ್ರಸ್ತಾಪದ ವಿರುದ್ಧ ಮತ ಹಾಕಲು ಮೊದಲೇ ನಿರ್ದೇಶಿಸಿತ್ತು. ಮತದಾನ ಮಾತ್ರ ಗುಪ್ತ. ಕಿಂಡ್ ತಮ್ಮ ಮತವನ್ನು ಬಹಿರಂಗಪಡಿಸಲಿಲ್ಲ. ಅಷ್ಟರಲ್ಲಿ ಒಂದೊಂದೇ ಕ್ಲಬ್ಬು ‘ವಿರೋಧಿಸಿದ್ದು ನಾವು’ ಎನ್ನತೊಡಗಿದ ಮೇಲೆ ಲೆಕ್ಕ ತಾಳೆಯಾಗದೆ ಎಲ್ಲರ ಕಣ್ಣು ಅವರ ಮೇಲೆ ಬಿತ್ತು. ಸದಸ್ಯರ ಹಕ್ಕು ಕಾಗದದ ಮೇಲೆ ಪೂರ್ತಿ ಭದ್ರವಾಗಿದ್ದೂ ಮತಪೆಟ್ಟಿಗೆಯ ಸಣ್ಣ ಕಂಡಿಯಲ್ಲಿ ಸೋರಿಹೋಯಿತೇ ಎಂಬ ಸಂಶಯ ಇಂದಿಗೂ ಉಳಿದಿದೆ.

ಮುಂದಿನ ವಾರಗಳಲ್ಲಿ ಮಾತಾಡಿದ್ದು ಸ್ಟ್ಯಾಂಡುಗಳು. ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯಗಳು ಮೈದಾನಕ್ಕೆ ಬಿದ್ದವು. ಆಟಗಾರರೇ ಬಗ್ಗಿ ಹಳದಿ ಚೆಂಡುಗಳನ್ನು ಆರಿಸಿ ಆಚೆ ಎಸೆಯಬೇಕಾಯಿತು. ಬರ್ಲಿನ್‌ನಲ್ಲಿ ಹೆರ್ಥಾ–ಹ್ಯಾಂಬರ್ಗ್ ಪಂದ್ಯ ಸುಮಾರು ಅರ್ಧ ಗಂಟೆ ನಿಂತಿತು. 2024ರ ಫೆಬ್ರವರಿ 21ರಂದು ಲೀಗ್ ಪ್ರಸ್ತಾಪವನ್ನೇ ಕೈಬಿಟ್ಟಿತು. ಇದನ್ನು ಅಭಿಮಾನಿಗಳ ವಿಜಯವೆಂದು ಬರೆದವರು ಬಹಳ. ನನಗದು ನಿಯಮದ ಸೋಲಾಗಿಯೂ ಕಾಣುತ್ತದೆ: ಮತ ಮಾಡಬೇಕಿದ್ದ ಕೆಲಸವನ್ನು ಚೆಂಡು ಮಾಡಿತು.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಒಡೆತನ ಉಳ್ಳವರದೇ. ವೇಲ್ಸ್‌ನದಾದರೂ ಇಂಗ್ಲೆಂಡಿನ ಲೀಗಿನಲ್ಲೇ ಆಡುವ ಕಾರ್ಡಿಫ್ ಸಿಟಿಯ ಮಾಲೀಕರು 2012ರಲ್ಲಿ ತಂಡದ ನೀಲಿ ಅಂಗಿಯನ್ನು ಕೆಂಪಾಗಿಸಿದರು. ನೀಲಿ ಮರಳಿದ್ದು 2015ರಲ್ಲಿ. 2021ರ ಏಪ್ರಿಲ್‌ನಲ್ಲಿ ಆರು ದೊಡ್ಡ ಕ್ಲಬ್ಬುಗಳು ಯುರೋಪಿನ ಸಿರಿವಂತ ಕ್ಲಬ್ಬುಗಳ ಪ್ರತ್ಯೇಕ ಸೂಪರ್ ಲೀಗ್ ಸೇರಹೊರಟು, ಅಭಿಮಾನಿಗಳು ಬೀದಿಗಿಳಿದ ಮೇಲೆ ಎರಡೇ ದಿನದಲ್ಲಿ ಹಿಂದೆ ಸರಿದವು. ಇಂಥ ಪ್ರಸಂಗಗಳ ಬೆನ್ನಿಗೆ ಬಂದ 2025ರ ಫುಟ್‌ಬಾಲ್ ಆಡಳಿತ ಕಾಯಿದೆಯ ಪ್ರಕಾರ ಲಾಂಛನ, ತವರಿನ ಅಂಗಿಯ ಬಣ್ಣ ಬದಲಿಸಲು ಬಹುಪಾಲು ಅಭಿಮಾನಿಗಳ ಬೆಂಬಲವಿರಬೇಕು. ಲೆಕ್ಕಕ್ಕೆ ಬರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವ ಅಭಿಮಾನಿಗಳು ಮಾತ್ರ. ನಡುರಾತ್ರಿ ಎದ್ದು ಲಿವರ್‌ಪೂಲ್ ಪಂದ್ಯ ನೋಡುವ ಬೆಂಗಳೂರಿನ ಹುಡುಗ ಅಂಗಿಗೆ ದುಡ್ಡು ಕೊಡಬಹುದು, ಬಣ್ಣಕ್ಕೆ ಮತ ಕೊಡಲಾರ.

ನಮ್ಮಲ್ಲಿ ಆ ಪ್ರಶ್ನೆ ಹುಟ್ಟಿಯೇ ಇಲ್ಲ. ಐಪಿಎಲ್ ತಂಡ ಕಂಪನಿಯದು, ರಾಜ್ಯ ಕ್ರಿಕೆಟ್ ಸಂಸ್ಥೆ ಅದರ ಸದಸ್ಯರದು. ನಗರದ ಹೆಸರು ಇಂಗ್ಲಿಷಿನಲ್ಲೂ 2014ರಲ್ಲೇ ಬೆಂಗಳೂರು ಆದರೂ ಆರ್‌ಸಿಬಿಯ ಹೆಸರು ಬದಲಾದದ್ದು 2024ರ ಮಾರ್ಚ್‌ನಲ್ಲಿ. ಜನ ಬಯಸಿದ್ದೇ ಆಯಿತು, ಜನ ತೀರ್ಮಾನಿಸಿದ್ದಲ್ಲ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯೂ ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೆ ಜಾಗ ಕಾದಿರಿಸಿತೇ ಹೊರತು ನೋಡುಗರಿಗಲ್ಲ.

ನೋಡುಗನ ಪರವಾಗಿ ಒಮ್ಮೆ ಮಾತಾಡಿದ್ದು ಭಾರತದ ಕ್ರಿಕೆಟ್ ಮಂಡಳಿಯ ಸುಧಾರಣೆಗೆಂದು ಸುಪ್ರೀಂ ಕೋರ್ಟು ನೇಮಿಸಿದ್ದ ಲೋಧಾ ಸಮಿತಿ. ಓವರುಗಳ ನಡುವೆ ಜಾಹೀರಾತು ನುಗ್ಗಬಾರದು, ಊಟ, ಚಹಾ, ಪಾನೀಯದ ವಿರಾಮಗಳಿಗಷ್ಟೇ ಇರಲಿ ಎಂದು 2016ರ ಜನವರಿಯಲ್ಲಿ ಅದು ಶಿಫಾರಸು ಮಾಡಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ವಿಷಯವನ್ನು ಮಂಡಳಿಯ ತೀರ್ಮಾನಕ್ಕೇ ಬಿಟ್ಟಿತು. ಆರನೆಯ ಚೆಂಡು ಕೀಪರನ ಕೈಸೇರುವಷ್ಟರಲ್ಲಿ ಪರದೆಯ ಮೇಲೆ ಈಗಲೂ ಸಿಮೆಂಟು ಬರುತ್ತದೆ.