ಹದಿನೈದರ ಹುಡುಗಿ ಮತ್ತು ಅಂತೆ ಕಂತೆಗಳ ಸಂತೆ

ನಾವು ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಮೊದಲನೇ ಎಲಿಜಬೆತ್ ರಾಣಿ ಬರೋದು ಒಂದೇ ಒಂದು ಸಾಲಿನಲ್ಲಿ. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವಳು. ಒಂದು ಮಾರ್ಕಿನ ಪ್ರಶ್ನೆ, ಅಲ್ಲಿಗೆ ಮುಗೀತು. (2022ರಲ್ಲಿ ತೀರಿಕೊಂಡರಲ್ಲ, ಅವರು ಎರಡನೇ ಎಲಿಜಬೆತ್. ಇವರಿಬ್ಬರ ನಡುವೆ ಸುಮಾರು ನಾನ್ನೂರು ವರ್ಷ ಇದೆ.) ಆ ಸನ್ನದು ಕೊಡುವಾಗ ಆಕೆಗೆ 67. ನಾನು ಹೇಳೋಕೆ ಹೊರಟಿರೋದು ಅದಕ್ಕಿಂತ ಸುಮಾರು ಐವತ್ತೆರಡು ವರ್ಷ ಹಿಂದಿನ ಕಥೆ. ಆಗ ಅವಳು ರಾಣಿಯಲ್ಲ, ಹದಿನೈದರ ಹುಡುಗಿ. ನಾನು ಕೋಡು ಬರೆದು ಹೊಟ್ಟೆ ಹೊರೆಯೋನು, ಇತಿಹಾಸಕಾರ ಅಲ್ಲ. ಆದರೆ ಈ ಹುಡುಗಿಯ ಕಾಗದಗಳನ್ನ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

1549ರ ಜನವರಿ 28ರಂದು, ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್‌ನಿಂದ ಅವಳು ಒಂದು ಕಾಗದ ಬರೀತಾಳೆ. ಯಾರಿಗೆ? ದೇಶದ ಆಡಳಿತವೆಲ್ಲ ಕೈಯಲ್ಲಿದ್ದ ಸಾಮರ್ಸೆಟ್ ಡ್ಯೂಕ್‌ಗೆ. ಆಗಿನ ರಾಜ ಆರನೇ ಎಡ್ವರ್ಡ್ ಇವಳ ತಮ್ಮ, ಇನ್ನೂ ಹನ್ನೊಂದು ವರ್ಷದವನು. ಡ್ಯೂಕ್ ಆ ಹುಡುಗನ ಸೋದರಮಾವ. ಕಾಗದದ ಸಾರ ಇಷ್ಟು: ನನ್ನ ಬಗ್ಗೆ ಊರಲ್ಲೆಲ್ಲ ಮಾತು ಹಬ್ಬಿದೆ. ನಾನು ಟವರ್ ಆಫ್ ಲಂಡನ್ ಜೈಲಿನಲ್ಲಿದ್ದೀನಂತೆ, ಅಡ್ಮಿರಲ್ ಥಾಮಸ್ ಸೀಮೋರ್‌ನಿಂದ ಬಸುರಿಯಾಗಿದ್ದೀನಂತೆ. ಇವೆಲ್ಲ ನಾಚಿಕೆಗೇಡಿನ ಸುಳ್ಳು. ನನ್ನನ್ನು ಆಸ್ಥಾನಕ್ಕೆ ಕರೆಸಿಕೊಳ್ಳಿ, ನಾನು ಹೇಗಿದ್ದೀನೋ ಹಾಗೆ ಬಂದು ನಿಲ್ತೀನಿ.

ಒಂದು ನಿಮಿಷ ಯೋಚಿಸಿ. ಹದಿನೈದು ವರ್ಷದ ಹುಡುಗಿ, ತನ್ನ ಹೊಟ್ಟೆಯನ್ನು ನಾಲ್ಕು ಜನರ ಮುಂದೆ ತೋರಿಸೋಕೆ ಅವಕಾಶ ಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕ್ತಿದ್ದಾಳೆ.

ಇಲ್ಲಿಗೆ ಬಂದಿದ್ದು ಹೇಗೆ ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. ಎಲಿಜಬೆತ್ ಹುಟ್ಟಿದ್ದು 1533ರ ಸೆಪ್ಟೆಂಬರ್‌ನಲ್ಲಿ. ಎರಡು ವರ್ಷ ಎಂಟು ತಿಂಗಳಾದಾಗ ಅವಳಪ್ಪ ಎಂಟನೇ ಹೆನ್ರಿ ಅವಳಮ್ಮ ಆನ್ ಬೊಲಿನ್‌ಳ ತಲೆ ತೆಗೆಸಿದ. ಆರೋಪ ವ್ಯಭಿಚಾರ. ಮಗಳನ್ನು ಅಧಿಕೃತವಾಗಿ ಅಕ್ರಮ ಸಂತಾನ ಅಂತ ಘೋಷಿಸಲಾಯಿತು. ಅಲ್ಲಿಂದ ಮುಂದೆ ಅವಳನ್ನು ನೋಡಿದವರೆಲ್ಲ ಅವಳ ಮುಖದಲ್ಲಿ ಬೇರೆ ಯಾರನ್ನೋ ಹುಡುಕುತ್ತಿದ್ದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರಲ್ಲ, ಆ ಗಾದೆ ಬೇರೆ ಭಾಷೆಯಲ್ಲಿ ಅವಳ ಬೆನ್ನ ಹಿಂದೆ ಓಡಾಡ್ತಾನೇ ಇತ್ತು. ಅವಳ ಅಕ್ಕ ಮೇರಿಯಂತೂ, ಆನ್ ಜೊತೆ ಹೆಸರು ಸೇರಿಸಿ ಕೊಲ್ಲಲ್ಪಟ್ಟ ಸಂಗೀತಗಾರ ಮಾರ್ಕ್ ಸ್ಮೀಟನ್‌ನ ಮುಖವೇ ಇವಳಿಗೆ ಬಂದಿದೆ ಅಂತ ಹೇಳ್ತಿದ್ದಳಂತೆ.

'ಅಂತೆ'. ನಮ್ಮ ಭಾಷೆಯಲ್ಲಿ ಎರಡಕ್ಷರದಲ್ಲಿ ಜವಾಬ್ದಾರಿ ಕಳಚಿಕೊಳ್ಳೋಕೆ ಎಂಥಾ ಸೌಲಭ್ಯ ಇದೆ ನೋಡಿ! ಈ ಹುಡುಗಿಯ ಜೀವನಚರಿತ್ರೆ ಬರೆಯೋಕೆ ಕನ್ನಡವೇ ಸರಿಯಾದ ಭಾಷೆ ಅಂತ ನನಗೆ ಎಷ್ಟೋ ಸಲ ಅನಿಸಿದೆ :)

1547ರ ಜನವರಿಯಲ್ಲಿ ಹೆನ್ರಿ ಸತ್ತ. ಹದಿಮೂರರ ಎಲಿಜಬೆತ್, ಹೆನ್ರಿಯ ಕೊನೆಯ ಹೆಂಡತಿ ಕ್ಯಾಥರೀನ್ ಪಾರ್ ಜೊತೆ ಚೆಲ್ಸಿಯ ಮನೆಯಲ್ಲಿ ಇರತೊಡಗಿದಳು. ಒಳ್ಳೆ ಮಲತಾಯಿ, ಓದಿದ ಹೆಂಗಸು. ಆದರೆ ಕ್ಯಾಥರೀನ್ ಕೆಲವೇ ತಿಂಗಳಲ್ಲಿ ಗುಟ್ಟಾಗಿ ಥಾಮಸ್ ಸೀಮೋರ್‌ನನ್ನು ಮದುವೆಯಾದಳು. ಇವನು ಸಾಮರ್ಸೆಟ್ ಡ್ಯೂಕ್‌ನ ಸ್ವಂತ ತಮ್ಮ. ನಲವತ್ತರ ಹತ್ತಿರದ ಆಸಾಮಿ, ಚೆಲುವ, ಮಹತ್ವಾಕಾಂಕ್ಷಿ, ಅಣ್ಣನ ಮೇಲೆ ಹೊಟ್ಟೆಕಿಚ್ಚು ಬೇರೆ. ಇವನು ಬೆಳಗಾಗೆದ್ದು ಎಲಿಜಬೆತ್ ಮಲಗುವ ಕೋಣೆಗೆ ನುಗ್ಗೋದು, ಕಚಗುಳಿ ಇಡೋದು, ಹೊಡೆದು ತಮಾಷೆ ಮಾಡೋದು ಶುರುವಾಯ್ತು. ಅವಳು ಅವನು ಬರುವ ಮುಂಚೆಯೇ ಎದ್ದು ಪುಸ್ತಕ ಹಿಡಿದು ಕೂರತೊಡಗಿದಳು. ಇನ್ನೊಂದು ದಿನ ಹ್ಯಾನ್‌ವರ್ತ್ ಎಂಬಲ್ಲಿ, ತೋಟದಲ್ಲಿ, ಅವಳು ಹಾಕಿಕೊಂಡಿದ್ದ ಕರಿ ಗೌನನ್ನು ಅವನು ಚೂರು ಚೂರು ಕತ್ತರಿಸಿದ. ಅವಳನ್ನು ಅಲುಗಾಡದಂತೆ ಹಿಡಿದುಕೊಂಡಿದ್ದು ಸ್ವತಃ ಕ್ಯಾಥರೀನ್. ಕೆಲವು ಪುಸ್ತಕಗಳಲ್ಲಿ ಇದನ್ನೆಲ್ಲ ಪ್ರಣಯ ಪ್ರಸಂಗ ಅನ್ನೋ ಹಾಗೆ ಬರೀತಾರೆ. ನನಗಂತೂ ಓದೋವಾಗ ಮೈ ಉರಿಯಿತು. ಮನೆಯ ಯಜಮಾನ ಆಶ್ರಯಕ್ಕೆ ಬಂದ ಹದಿನಾಲ್ಕರ ಹುಡುಗಿಗೆ ಕೊಡುವ ಕಾಟಕ್ಕೆ ಪ್ರಣಯ ಅಂತ ಹೆಸರಿಡೋಕೆ ನನಗೆ ಮನಸ್ಸಿಲ್ಲ.

1548ರ ಬೇಸಿಗೆಗೆ ಮುಂಚೆ ಅವಳನ್ನು ಚೆಶಂಟ್ ಎಂಬಲ್ಲಿಗೆ ಕಳಿಸಿಬಿಟ್ಟರು. ಸೆಪ್ಟೆಂಬರ್ 5ಕ್ಕೆ ಕ್ಯಾಥರೀನ್ ಬಾಣಂತನದಲ್ಲಿ ತೀರಿಕೊಂಡಳು. ಈಗ ಸೀಮೋರ್ ಮತ್ತೆ ಮದುವೆಗೆ ಸಿದ್ಧ! ಇಲ್ಲಿ ಗಾಳಿಮಾತು ಮೊದಲು ಎದ್ದಿದ್ದು ಎಲ್ಲಿ ಗೊತ್ತೇ? ಸಂತೆಯಲ್ಲಲ್ಲ, ಮನೆಯೊಳಗೇ. ಅವಳನ್ನು ಸಾಕಿದ ಕ್ಯಾಟ್ ಆಶ್ಲಿ ಎಂಬ ಹೆಂಗಸು, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಥಾಮಸ್ ಪ್ಯಾರಿ, ಇವರಿಬ್ಬರಿಗೂ ಇದೇ ಹರಟೆ. ಅಡ್ಮಿರಲ್ ಹೆಸರೆತ್ತಿದರೆ ಹುಡುಗಿಯ ಮುಖ ಹೇಗೆ ಅರಳುತ್ತೆ ನೋಡಿದೆಯಾ ಅಂತ. ದ್ವೇಷದಿಂದಲ್ಲ ಪಾಪ, ಪ್ರೀತಿಯಿಂದಲೇ ಆಡಿಕೊಂಡಿದ್ದು. ಆದರೆ ಹೆನ್ರಿಯ ಉಯಿಲಿನ ಪ್ರಕಾರ ಮಂತ್ರಿಮಂಡಲದ ಒಪ್ಪಿಗೆಯಿಲ್ಲದೆ ಅವಳು ಮದುವೆಯಾದರೆ ಸಿಂಹಾಸನದ ಹಕ್ಕೇ ಹೋಗುತ್ತಿತ್ತು. ಆ ಮನೆಯ ಹರಟೆಯನ್ನೇ ಕೋರ್ಟಿಗೆ ತಂದರೆ ರಾಜದ್ರೋಹದ ಸಾಕ್ಷಿ.

ಕೋರ್ಟಿಗೆ ಬಂತು ಕೂಡ. 1549ರ ಜನವರಿ 17ರಂದು ಸೀಮೋರ್ ಬಂಧನವಾಯಿತು. ಕೆಲವೇ ದಿನಗಳಲ್ಲಿ ಆಶ್ಲಿ ಮತ್ತು ಪ್ಯಾರಿಯನ್ನೂ ಎಳೆದುಕೊಂಡು ಹೋಗಿ ಟವರ್‌ನಲ್ಲಿಟ್ಟರು. ಎಲಿಜಬೆತ್‌ಳನ್ನು ಬಾಯಿಬಿಡಿಸೋಕೆ ಸರ್ ರಾಬರ್ಟ್ ಟಿರ್ವಿಟ್ ಎಂಬವನು ಹ್ಯಾಟ್‌ಫೀಲ್ಡ್‌ಗೆ ಬಂದ. ಬಂದ ಹೊಸತರಲ್ಲೇ ಅವನು ಡ್ಯೂಕ್‌ಗೆ ಬರೆದ ವರದಿಯಲ್ಲಿದೆ: ಅವಳ ಮುಖದಲ್ಲೇ ತಪ್ಪು ಕಾಣಿಸುತ್ತಿದೆ! ಮತ್ತೆ ಮುಖ. ಆದರೆ ಮುಂದೆ ಅವನೇ ಗೊಣಗುತ್ತಾನೆ, ಹುಡುಗಿ ಭಾರಿ ಬುದ್ಧಿವಂತೆ, ಉಪಾಯ ಮಾಡದೆ ಇವಳಿಂದ ಏನೂ ಹೊರಡೋದಿಲ್ಲ ಅಂತ.

ಪ್ಯಾರಿ ಮೊದಲು ಸೋತ, ಅವನನ್ನು ಎದುರಿಗೆ ನಿಲ್ಲಿಸಿದ ಮೇಲೆ ಆಶ್ಲಿಯೂ ಹೇಳಿದಳು. ಬೆಳಗಿನ ಹೊತ್ತು ಅವನು ಬರ್ತಿದ್ದದ್ದು, ಕಚಗುಳಿ, ಕತ್ತರಿಸಿದ ಗೌನು, ಎಲ್ಲ. ಫೆಬ್ರವರಿ ಮೊದಲ ವಾರದಲ್ಲಿ ಟಿರ್ವಿಟ್ ಆ ಹೇಳಿಕೆಗಳನ್ನು ತಂದು ಅವಳ ಕೈಗಿಟ್ಟ. ಓದುವಾಗ ಅವಳು ನಾಚಿ, ಅರ್ಧ ಉಸಿರು ಕಟ್ಟಿದಂತಾದಳು ಅಂತ ಅವನ ವರದಿ ಹೇಳುತ್ತೆ. ಎರಡೂ ಸಹಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದಳಂತೆ. ಆ ಕೈಬರಹಗಳು ಅವಳಿಗೆ ಅರೆಗಣ್ಣಲ್ಲೇ ಗೊತ್ತಾಗುವಂಥವು. ಸುಮ್ಮನೆ ಸಮಯ ಗಿಟ್ಟಿಸಿಕೊಳ್ಳೋಕೆ.

ಈ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜಾಗ. ಅವಳ ಜೀವನದ ಅತ್ಯಂತ ಖಾಸಗಿ ಒಂದು ವರ್ಷವನ್ನು ಬೇರೆಯವರು ನೋಡಿ, ಬೇರೆಯವರು ಹೇಳಿ, ಬರೆದು, ಸಹಿ ಹಾಕಿ ಅವಳಿಗೇ ಓದೋಕೆ ಕೊಟ್ಟಿದ್ದಾರೆ. ತಾನು ಆಗ ನಕ್ಕಿದ್ದು, ಕೆಂಪಾಗಿದ್ದು, ಓಡಿದ್ದು, ಎಲ್ಲವೂ ಹೊರಗಿನಿಂದ ಹೇಗೆ ಕಾಣುತ್ತಿತ್ತು ಅನ್ನೋದು ಅವಳಿಗೆ ಅವತ್ತು ಒಟ್ಟಿಗೇ ಗೊತ್ತಾಗಿದೆ. ಒಳಗಿನಿಂದ ಹೇಗಿತ್ತು? ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೀಮೋರ್ ಬಗ್ಗೆ ಅವಳಿಗೆ ಭಯ ಇತ್ತಾ, ಆಸೆ ಇತ್ತಾ, ಅಸಹ್ಯ ಇತ್ತಾ ಅಂತ ನಾವು ಇವತ್ತು ಏನೇ ಹೇಳಿದರೂ ಅದು ಆಶ್ಲಿ, ಪ್ಯಾರಿಯವರ ಕಣ್ಣಿನಿಂದ ನೋಡಿದ್ದೇ. ಆ ಹೇಳಿಕೆಗಳು 1740ರಲ್ಲಿ ಅಚ್ಚಾಗಿಬಿಟ್ಟವು. ಯಾವ ಹರಟೆಗೆ ಅವಳಿಗೆ ಉಸಿರು ಕಟ್ಟಿತೋ ಅದನ್ನು ಈಗ ನನ್ನಂಥವನೂ ಕಾಫಿ ಕುಡೀತಾ ಓದಬಹುದು.

ಅದಾದ ಮೇಲೆ ಅವಳ ಕಾಗದಗಳ ದನಿ ನೋಡಿ. ಆಶ್ಲಿಯ ಜಾಗಕ್ಕೆ ಟಿರ್ವಿಟ್‌ನ ಹೆಂಡತಿಯನ್ನು ನೇಮಿಸಿದರು. ಎಲಿಜಬೆತ್ ರಾತ್ರಿಯಿಡೀ ಅತ್ತು, ಮಾರನೇ ದಿನವಿಡೀ ಮುಖ ಊದಿಸಿಕೊಂಡು ಕೂತಳು. ಅಪ್ಪಟ ಹದಿನೈದರ ಹುಡುಗಿ! ಆದರೆ ಫೆಬ್ರವರಿ 21ರ ಕಾಗದದಲ್ಲಿ ಅವಳು ಕೊಡುವ ಕಾರಣ ಬೇರೆ: ಇಂಥ ಕಾವಲಿಟ್ಟರೆ, ನನ್ನ ನಡತೆ ಕೆಟ್ಟಿದ್ದಕ್ಕೇ ಇಟ್ಟಿದ್ದಾರೆ ಅಂತ ಜನ ಆಡಿಕೊಳ್ತಾರೆ. ಮಾತು ಹಬ್ಬಿಸಿದವರ ಹೆಸರು ಕೊಡು, ಶಿಕ್ಷಿಸ್ತೀವಿ ಅಂತ ಡ್ಯೂಕ್ ಕಡೆಯಿಂದ ಉತ್ತರ ಬಂದಿತ್ತು. ಅದಕ್ಕೂ ಅವಳು ಒಲ್ಲೆ ಅಂದಳು. ಯಾಕೆ? ಬಡಪಾಯಿಗಳನ್ನು ಶಿಕ್ಷಿಸೋಕೆ ಕಾಯ್ತಿದ್ದಾಳೆ ಅಂತ ಇನ್ನೊಂದು ಕೆಟ್ಟ ಹೆಸರು ಬರುತ್ತೆ, ಜನರ ಪ್ರೀತಿ ಕಳಕೊಳ್ತೀನಿ. ಅದರ ಬದಲು ಇವೆಲ್ಲ ಸುಳ್ಳು ಅಂತ ಊರೂರಿಗೆ ಡಂಗುರ ಹೊಡೆಸಿ. ಗಮನಿಸಿ, 'ನನಗೆ ಬೇಡ', 'ನನಗೆ ನೋವಾಗುತ್ತೆ' ಅನ್ನೋ ವಾದವೇ ಇಲ್ಲ. ಎಲ್ಲಾ ಲೆಕ್ಕಾಚಾರವೂ ಜನ ಏನಂತಾರೆ ಅನ್ನೋದರ ಮೇಲೆ. ನಮ್ಮ ಸೀತೆಯ ಕಥೆಯಲ್ಲಿ ಅಗಸನ ಮಾತಿಗೆ ಲೆಕ್ಕ ಹಾಕುವವನು ರಾಮ. ಇಲ್ಲಿ ಹುಡುಗಿಯೇ ಕೂತು ಹಾಕ್ತಿದ್ದಾಳೆ.

ಮಾರ್ಚ್ 20ಕ್ಕೆ ಸೀಮೋರ್‌ನ ತಲೆ ಹೋಯ್ತು. ಸುದ್ದಿ ಕೇಳಿ ಅವಳು 'ಬುದ್ಧಿಯಿದ್ದೂ ವಿವೇಕವಿಲ್ಲದವನು ಸತ್ತ' ಅನ್ನೋ ಅರ್ಥದ ಮಾತು ಹೇಳಿದಳು ಅಂತ ಎಷ್ಟೋ ಕಡೆ ಓದ್ತೀರಿ. ನಂಬಬೇಡಿ. ಅದು ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಇಟಲಿಯ ಗ್ರೆಗೋರಿಯೋ ಲೆಟಿ ಎಂಬ ಲೇಖಕನ ಪುಸ್ತಕದಲ್ಲಿ ಹುಟ್ಟಿದ್ದು. ಅಂತೆ ಕಂತೆ ನಿಲ್ಲೋದೇ ಇಲ್ಲ.

ಇನ್ನು ಬಟ್ಟೆಯ ವಿಷಯ. ಅವಳಿಗೆ ಸುಮಾರು ಹದಿಮೂರಿದ್ದಾಗ ಬರೆದ ಒಂದು ಚಿತ್ರ ಇದೆ. ಕೆಂಪು ಗೌನು, ಮುತ್ತು, ಒಡವೆ, ಕೈಯಲ್ಲಿ ಪುಸ್ತಕ. ಈ ಹಗರಣದ ನಂತರದ ವರ್ಷಗಳ ಎಲಿಜಬೆತ್ ಬೇರೆ. ಅಪ್ಪ ಸತ್ತು ಏಳು ವರ್ಷ ಅವಳು ಒಡವೆ ಬೆಡಗಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ ಅಂತ ಜಾನ್ ಐಲ್ಮರ್ 1559ರಲ್ಲಿ ಬರೆದ. 1551ರಲ್ಲಿ ಸ್ಕಾಟ್ಲೆಂಡಿನ ರಾಜಮಾತೆ ಬಂದಾಗ ಆಸ್ಥಾನದ ಹೆಂಗಸರೆಲ್ಲ ಕೂದಲು ಗುಂಗುರು ಮಾಡಿಸಿಕೊಂಡು ಮೆರೆದರೆ, ಇವಳು ಮಾತ್ರ ತನ್ನ ಸಾದಾ ವೇಷ ಬಿಡಲಿಲ್ಲವಂತೆ. ಐಲ್ಮರ್ ಹೊಗಳಿದ್ದು ಅವಳು ರಾಣಿಯಾದ ಮೇಲೆ, ಹಾಗಾಗಿ ಸ್ವಲ್ಪ ಉಪ್ಪು ಉದುರಿಸಿಕೊಂಡೇ ಓದಬೇಕು. ಆದರೂ ನಂಬೋಣ ಅನಿಸುತ್ತೆ, ಯಾಕಂದ್ರೆ ಈ ಬದಲಾವಣೆಯನ್ನು ನಾನು ಕಣ್ಣಾರೆ ನೋಡಿದ್ದೀನಿ. ನಮ್ಮ ಪಿಯುಸಿ ಕ್ಲಾಸಿನಲ್ಲಿ ಜೋರಾಗಿ ನಗ್ತಾ ಇದ್ದ ಹುಡುಗಿಯೊಬ್ಬಳಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆಗೋ ಕಂಡಳು ಅಂತ ಒಂದು ಸುದ್ದಿ ಎದ್ದಿತು. ದಸರಾ ರಜೆ ಮುಗಿಸಿ ಬಂದಾಗ ಎಣ್ಣೆ ಹಾಕಿ ಬಿಗಿದ ಜಡೆ, ನೆಲ ನೋಡುವ ನಡಿಗೆ. ಲೆಕ್ಚರರುಗಳೆಲ್ಲ 'ಈಗ ಗಂಭೀರ ಆಗಿದ್ದಾಳೆ' ಅಂತ ಮೆಚ್ಚಿಕೊಂಡರು.

ಎಲಿಜಬೆತ್‌ಳನ್ನೂ ಮೆಚ್ಚಿಕೊಂಡರು. ಅವಳ ಗುರು ರೋಜರ್ ಆಸ್ಕಮ್ 1550ರಲ್ಲಿ ಅವಳ ಗ್ರೀಕ್, ಲ್ಯಾಟಿನ್, ಸರಳ ಉಡುಗೆ ಎಲ್ಲವನ್ನೂ ಹೊಗಳಿ ಜರ್ಮನಿ ಕಡೆಯ ಗೆಳೆಯನಿಗೆ ಕಾಗದ ಬರೆದ. ಇದು ಬರೀ ವೇಷವಾ, ಅಥವಾ ನಿಜವಾಗಿ ಅವಳು ಹಾಗೇ ಆಗಿಹೋದಳಾ? ದಿನವೂ ಹಾಕಿಕೊಂಡ ವೇಷ ಒಂದು ಹಂತದ ಮೇಲೆ ಚರ್ಮವೇ ಆಗುತ್ತೆ ಅಂತ ನನ್ನ ಊಹೆ. ಬಾಯಿ ಬಿಡದೆ ಬದುಕುವ ಕಲೆ ಮಾತ್ರ ಅವಳ ಕೈ ಬಿಡಲಿಲ್ಲ. 1554ರಲ್ಲಿ ಅಕ್ಕ ಮೇರಿ ರಾಣಿಯಾಗಿದ್ದಾಗ ದಂಗೆಯ ಅನುಮಾನದ ಮೇಲೆ ಅವಳನ್ನು ನಿಜವಾಗಿಯೂ ಟವರ್‌ಗೆ ಹಾಕಿದರು. ಆಗಲೂ ಅವಳಿಂದ ಏನೂ ಹೊರಡಲಿಲ್ಲ. ಇನ್ನೊಂದು ಮಾತು, ಅವಳು ಆಶ್ಲಿ ಮತ್ತು ಪ್ಯಾರಿಯನ್ನು ದೂರ ಮಾಡಲಿಲ್ಲ. ಆಶ್ಲಿಯನ್ನು ಬಿಡಿ ಅಂತ ಮಾರ್ಚ್‌ನಲ್ಲೇ ಡ್ಯೂಕ್‌ಗೆ ಬರೆದಳು. 1558ರಲ್ಲಿ ರಾಣಿಯಾದ ಮೇಲೆ ಇಬ್ಬರಿಗೂ ದೊಡ್ಡ ಹುದ್ದೆ ಕೊಟ್ಟಳು. ಇದು ನನಗೆ ತುಂಬಾ ಹಿಡಿಸಿತು.

ರಾಣಿಯಾದ ಮೇಲೆ ಒಡವೆ, ರೇಷ್ಮೆ, ಮುತ್ತು ಎಲ್ಲ ವಾಪಸ್ ಬಂದವು, ಹತ್ತು ಪಟ್ಟು ಹೆಚ್ಚಾಗಿ. ಕನ್ಯೆಯಾಗಿಯೇ ಬಾಳಿ ಸತ್ತಳು ಅಂತ ಗೋರಿಯ ಕಲ್ಲು ಹೇಳಿದರೆ ಸಾಕು ಅಂತ 1559ರಲ್ಲೇ ಪಾರ್ಲಿಮೆಂಟಿಗೆ ಹೇಳಿದಳು. ಜನ ಬಿಟ್ಟರಾ? 1560ರಲ್ಲಿ ಬ್ರೆಂಟ್‌ವುಡ್ ಎಂಬ ಊರಿನ ಡೋ ಅನ್ನೋ ಮುದುಕಿ, ರಾಣಿ ರಾಬರ್ಟ್ ಡಡ್ಲಿಯಿಂದ ಬಸುರಿ ಅಂತ ಮಾತಾಡಿ ಜೈಲು ಸೇರಿದಳು. ಹನ್ನೊಂದು ವರ್ಷದ ಹಿಂದಿನ ಅದೇ ಕಥೆ, ಗಂಡಸಿನ ಹೆಸರು ಮಾತ್ರ ಬೇರೆ.

1581ರಲ್ಲಿ ಪಾರ್ಲಿಮೆಂಟು ರಾಣಿಯ ವಿರುದ್ಧ ಗಾಳಿಮಾತು ಆಡುವವರಿಗೆ ಒಂದು ಕಾಯಿದೆ ತಂದಿತು. ಮೇರಿಯ ಕಾಲದ್ದೇ ಒಂದಿತ್ತು, ಅದನ್ನು ಇನ್ನೂ ಬಿಗಿ ಮಾಡಿದರು. ಮಾತು ಹುಟ್ಟಿಸಿದವನನ್ನು ಬಜಾರಿನಲ್ಲಿ ಹಲಗೆಗೆ ಸಿಕ್ಕಿಸಿ ಎರಡೂ ಕಿವಿ ಕತ್ತರಿಸೋದು, ಇಲ್ಲವೇ 200 ಪೌಂಡ್ ದಂಡ, ಮೇಲೆ ಆರು ತಿಂಗಳ ಜೈಲು. ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಿದವನಿಗೆ, ಅಂದರೆ ಫಾರ್ವರ್ಡ್ ಮಾಡಿದವನಿಗೆ, ಒಂದೇ ಕಿವಿ, ಮೂರು ತಿಂಗಳು. ಎರಡನೇ ಸಲ ಸಿಕ್ಕಿಬಿದ್ದರೆ ಪ್ರಾಣವೇ ಹೋಗುತ್ತಿತ್ತು. ಹೆಸರು ಕೊಡು ಅಂದಾಗ ಒಲ್ಲೆ ಅಂದಿದ್ದವಳಿಗೆ ಆಗ 47 ವರ್ಷ.