ನಗರ ರಸ್ತೆಯ ಮರುನಿರ್ಮಾಣ: ಕೊಚ್ಚಿ ಮತ್ತು ತಿರುವನಂತಪುರ

ಹಾಳಾದ ರಸ್ತೆಯ ಮೇಲೆ ಇನ್ನೊಂದು ಪದರ ಡಾಂಬರು ಹಾಕಿದರೆ ಅದು ದುರಸ್ತಿ. ತಳಪಾಯ, ಚರಂಡಿ, ನೀರಿನ ಕೊಳವೆ, ಕೇಬಲ್, ಫುಟ್‌ಪಾತ್ ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿಟ್ಟು ಹೊಸದಾಗಿ ಕಟ್ಟಿದರೆ ಮರುನಿರ್ಮಾಣ. ಕೇರಳದ ಕೊಚ್ಚಿ ಮತ್ತು ತಿರುವನಂತಪುರಗಳು ಸ್ಮಾರ್ಟ್ ಸಿಟಿ ಯೋಜನೆಯ ವರ್ಷಗಳಲ್ಲಿ ಕೆಲವು ಮುಖ್ಯ ರಸ್ತೆಗಳಿಗೆ ಈ ಎರಡನೆಯ ದಾರಿ ಹಿಡಿದವು. ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಅದರಿಂದ ಸಿಕ್ಕಿದ್ದು ಎರಡು ಊರುಗಳಲ್ಲಿ ಒಂದೇ ತೆರನಾಗಿಲ್ಲ.

ಇಲ್ಲಿ ರಸ್ತೆಯ ಮೊದಲ ಶತ್ರು ನೀರು. ಕೇರಳದ ವಾರ್ಷಿಕ ಸರಾಸರಿ ಮಳೆ ಸುಮಾರು 3,000 ಮಿ.ಮೀ. ಜೂನ್‌ನಲ್ಲಿ ಮುಂಗಾರು ಹಿಡಿಯುತ್ತದೆ, ಅದು ಬಿಟ್ಟಿತು ಅನ್ನುವಷ್ಟರಲ್ಲಿ ಮಲಯಾಳಿಗಳು ತುಲಾವರ್ಷ ಎನ್ನುವ ಹಿಂಗಾರು ಸುರಿಯುತ್ತದೆ. ಬಿರುಕಿನೊಳಗೆ ಇಳಿದ ನೀರು ಜಲ್ಲಿಗೂ ಡಾಂಬರಿಗೂ ಇರುವ ಹಿಡಿತವನ್ನು ಬಿಡಿಸುತ್ತದೆ, ಮೇಲೆ ಬಸ್ಸು ಹಾಯುತ್ತಿದ್ದರೆ ಗುಂಡಿ ಬೀಳಲು ಹೆಚ್ಚು ದಿನ ಬೇಕಿಲ್ಲ. ಕೊಚ್ಚಿಯ ನೆಲವೂ ತಗ್ಗು, ಮಣ್ಣೂ ಮೆದು. ಮುಲ್ಲಶ್ಶೇರಿ, ತೇವರ–ಪೇರಂಡೂರು ಮೊದಲಾದ ಕಾಲುವೆಗಳು ಕಟ್ಟಿಕೊಂಡರೆ ಎಂ.ಜಿ. ರಸ್ತೆಯ ಆಸುಪಾಸು ನೀರು ನಿಲ್ಲುತ್ತದೆ. 2019ರ ಅಕ್ಟೋಬರ್ 21ರಂದು, ಎರ್ನಾಕುಲಂ ಉಪಚುನಾವಣೆಯ ಮತದಾನದ ದಿನವೇ, ನಗರದ ನಡುಭಾಗ ಜಲಾವೃತವಾಯಿತು. ಹೈಕೋರ್ಟ್ ಸಿಟ್ಟಾಯಿತು. ಕಾಲುವೆಗಳ ತಡೆ ತೆಗೆಯಲು ಜಿಲ್ಲಾಡಳಿತ ‘ಆಪರೇಷನ್ ಬ್ರೇಕ್‌ಥ್ರೂ’ ಆರಂಭಿಸಿತು.

ಚರಂಡಿಯ ಮಾತು ಇಲ್ಲಿ ಇಷ್ಟು ದೊಡ್ಡದಾಗಲು ಕಾರಣವಿದೆ. ಈ ಊರುಗಳಲ್ಲಿ ಬಹಳ ಕಡೆ ಚರಂಡಿಯ ಮೇಲೆ ಮುಚ್ಚಿದ ಕಾಂಕ್ರೀಟ್ ಚಪ್ಪಡಿಯೇ ಫುಟ್‌ಪಾತ್. ಚಪ್ಪಡಿ ಮುರಿದರೆ, ಹೂಳೆತ್ತಲು ತೆಗೆದವರು ಮತ್ತೆ ಮುಚ್ಚದಿದ್ದರೆ, ನಡೆಯುವವರು ವಾಹನಗಳ ನಡುವೆ ಇಳಿಯಬೇಕು. 2022ರ ನವೆಂಬರ್‌ನಲ್ಲಿ ಕೊಚ್ಚಿಯ ಪನಂಪಿಳ್ಳಿ ನಗರದಲ್ಲಿ ಮೂರು ವರ್ಷದ ಮಗುವೊಂದು ತೆರೆದ ಚರಂಡಿಗೆ ಬಿತ್ತು. ಮಗು ಬದುಕಿತು, ಕೇರಳ ಹೈಕೋರ್ಟ್ ನಗರ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡಿತು. ಹಾಗಾಗಿ ಮರುನಿರ್ಮಾಣ ರಸ್ತೆಯ ಅಂಚಿನಿಂದ ಶುರುವಾಗಬೇಕು. ಚರಂಡಿ ಗಟ್ಟಿಯಾದರೆ ಡಾಂಬರು ಉಳಿಯುತ್ತದೆ, ಕಾಲಿಟ್ಟು ನಡೆಯುವ ಜಾಗವೂ ಉಳಿಯುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಪಾದಚಾರಿ ಮಾರ್ಗಸೂಚಿ ಫುಟ್‌ಪಾತಿಗೆ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಕೇಳುತ್ತದೆ. ಅಂಚುಗಲ್ಲಿನ ಎತ್ತರ 150 ಮಿ.ಮೀ. ಮೀರಬಾರದು ಎನ್ನುತ್ತದೆ. ಕೊಚ್ಚಿನ್ ಸ್ಮಾರ್ಟ್ ಮಿಷನ್ ಲಿಮಿಟೆಡ್ ಷಣ್ಮುಗಂ ರಸ್ತೆ, ಪಾರ್ಕ್ ಅವೆನ್ಯೂ, ದರ್ಬಾರ್ ಹಾಲ್ ರಸ್ತೆಗಳ ಚರಂಡಿ, ಫುಟ್‌ಪಾತುಗಳನ್ನು ಹೊಸದಾಗಿ ಕಟ್ಟಿತು. ಕೊಚ್ಚಿ ಮೆಟ್ರೊ ಸಂಸ್ಥೆಯೂ ನಿಲ್ದಾಣಗಳಿಗೆ ನಡೆದು ಬರುವ ದಾರಿಗಳತ್ತ ಗಮನ ಕೊಟ್ಟಿತು. 2020ರ ನವೆಂಬರ್‌ನಲ್ಲಿ ಮೊದಲು ಕೆಲವು ನಿಲ್ದಾಣಗಳಲ್ಲಿ, ಆಮೇಲೆ ಎಲ್ಲ ಕಡೆ, ಸೈಕಲ್ಲನ್ನು ರೈಲಿನೊಳಗೆ ಉಚಿತವಾಗಿ ಒಯ್ಯಲು ಬಿಟ್ಟಿತು. ಹಣ ಖರ್ಚಿಲ್ಲದ ಈ ಒಂದು ನಿರ್ಧಾರ ನಿಜಕ್ಕೂ ದೊಡ್ಡದು. ಆದರೆ ನಿಲ್ದಾಣದಿಂದ ಹೊರಬಿದ್ದ ಸವಾರ ಮತ್ತೆ ಬಸ್ಸು, ಆಟೊಗಳ ಜತೆ ಒಂದೇ ಪಟ್ಟಿಯಲ್ಲಿ ಸಾಗಬೇಕು.

ತಿರುವನಂತಪುರದ ಕಥೆ ಇನ್ನೂ ಹಿಂದಿನದು. 2001ರ ಕಾಯ್ದೆಯಿಂದ ಹುಟ್ಟಿದ ಕೇರಳ ರಸ್ತೆ ನಿಧಿ ಮಂಡಳಿ ಇಲ್ಲಿ ಸುಮಾರು 42 ಕಿ.ಮೀ. ನಗರ ರಸ್ತೆಗಳನ್ನು ವರ್ಷಾಸನ ಪದ್ಧತಿಯಲ್ಲಿ ಸುಧಾರಿಸಿತು: ಕಟ್ಟಿದ ಕಂಪನಿಯೇ ವರ್ಷಗಟ್ಟಲೆ ನಿರ್ವಹಿಸಬೇಕು, ಸರ್ಕಾರ ಕಂತಿನಲ್ಲಿ ಹಣ ಕೊಡುತ್ತದೆ. ಗುಂಡಿ ಬಿದ್ದರೆ ಯಾರನ್ನು ಕೇಳಬೇಕೆಂಬುದು ಮೊದಲೇ ಇತ್ಯರ್ಥ.

ಆಮೇಲೆ ಬಂದವು ‘ಸ್ಮಾರ್ಟ್ ರಸ್ತೆ’ಗಳು. ತಂತಿ, ಕೇಬಲ್‌ಗಳನ್ನು ನೆಲದಡಿಯ ಕೊಳವೆಗಳಿಗೆ ಇಳಿಸಿ, ಮುಂದೆ ಯಾರೂ ರಸ್ತೆ ಅಗೆಯಬೇಕಾಗದಂತೆ ಮಾಡುವುದು ಉದ್ದೇಶ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಕಾಮಗಾರಿ ಕಂಡವರಿಗೆ ಈ ವಿಧಾನ ಹೊಸದಲ್ಲ. ಎರಡು ದಶಕಗಳಿಂದ ನಾಟಕ, ಹಾಡು, ಹರಟೆಗಳ ತಾಣವಾಗಿರುವ ವೆಳ್ಳಯಂಬಲದ ಮಾನವೀಯಂ ವೀಥಿ, ಕಾಲು ಕಿಲೋಮೀಟರೂ ಇಲ್ಲದ ಮರದ ನೆರಳಿನ ಬೀದಿ, 2023ರಲ್ಲಿ ಹೀಗೆ ಹೊಸದಾಯಿತು. ಉಳಿದ ಕಡೆ ಅಗೆತ ಕುಂಟುತ್ತ ಸಾಗಿತು. ಅಂಗಡಿಯವರು ವ್ಯಾಪಾರ ಕಳೆದುಕೊಂಡರು, ಮನೆಯವರು ಧೂಳು ಕುಡಿದರು. 2024ರ ಫೆಬ್ರವರಿ 25ಕ್ಕೆ ಆಟ್ಟುಕಾಲ್ ಪೊಂಗಾಲ ಬೇರೆ. ಲಕ್ಷಾಂತರ ಹೆಂಗಸರು ಬೀದಿಬದಿಯಲ್ಲೇ ಇಟ್ಟಿಗೆ ಹೂಡಿ ಪಾಯಸ ಬೇಯಿಸುವ ಆ ದಿನಕ್ಕೆ ಈ ನಗರದಲ್ಲಿ ರಸ್ತೆಯ ಅಂಚೇ ಅಡುಗೆಮನೆ. ಅಗೆದಿಟ್ಟ ರಸ್ತೆ ಅವರಿಗೆ ನಿಲ್ಲುವ ಜಾಗವನ್ನೇ ಕಸಿಯುತ್ತದೆ. ಕಾಮಗಾರಿಯ ವೇಳಾಪಟ್ಟಿ ಬರೆಯುವವರು ಮಳೆಯ ಜತೆ ಹಬ್ಬವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸೈಕಲ್ ಪಥದ ಪ್ರಶ್ನೆ ಎರಡೂ ಊರುಗಳಲ್ಲಿ ಬಗೆಹರಿದಿಲ್ಲ. ಕಿರಿದಾದ ರಸ್ತೆಯಲ್ಲಿ ಬಣ್ಣದ ಗೆರೆ ಎಳೆದ ಮಾತ್ರಕ್ಕೆ ಪಥವಾಗದು, ಸಂಜೆಯ ಹೊತ್ತಿಗೆ ಅದು ಕಾರು ನಿಲ್ಲಿಸುವ ಜಾಗ. ಅಗಲ ಸಿಗದ ಕಡೆ ವಾಹನಗಳ ವೇಗ ತಗ್ಗಿಸುವುದು, ಪಾರ್ಕಿಂಗ್ ತೆಗೆಯುವುದು ಹೆಚ್ಚು ಪ್ರಾಮಾಣಿಕ ಪರಿಹಾರ.

ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿ, ರಾಜ್ಯಗಳಿಗೆ ಮಾರ್ಗಸೂಚಿ ರೂಪಿಸಲು ಸೂಚಿಸಿತು. ತಿರುವನಂತಪುರದ 12 ಸ್ಮಾರ್ಟ್ ರಸ್ತೆಗಳು ಉದ್ಘಾಟನೆಯಾದದ್ದೂ ಅದೇ ತಿಂಗಳಲ್ಲಿ.